ಸಪ್ಪಳವಿಲ್ಲದ ಹೆಜ್ಜೆ

ಶೈಲಾ ಮನೆಗೆ ಬಂದಳೆಂದರೆ ಬಾಗಿಲು ತಟ್ಟುವ ಪ್ರಶ್ನೆಯೇ ಇರಲಿಲ್ಲ. ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿದ್ದ ಆ ಹಳೆಯ ಅಪಾರ್ಟ್‌ಮೆಂಟಿಗೆ ಲಿಫ್ಟ್ ಇಲ್ಲ. ಮಾದಾಪುರದ ಆಫೀಸು ಮುಗಿಸಿ ಬಂದವಳು ಹಿಮ್ಮಡಿ ಕುಟ್ಟಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು, ಧಪ್, ಧಪ್, ಧಪ್. ಎರಡನೇ ಅಂತಸ್ತಿನ ತಿರುವಿಗೆ ಬರುವಷ್ಟರಲ್ಲಿ ಮೂರನೆಯದರಲ್ಲಿ ಚಿಲಕ ಸರಿಯುತ್ತಿತ್ತು. ಅವಳ ಅಪ್ಪ ಶಿವಾನಂದ ಹೊಸ್ತಿಲಲ್ಲಿ ನಿಂತು, ಅವಳಿಗಿಂತ ನಾಲ್ಕು ಬೆರಳು ಪಕ್ಕದ ಗಾಳಿಯನ್ನು ನೋಡುತ್ತ, "ಬಂದೀ ಯವ್ವಾ?" ಅನ್ನುತ್ತಿದ್ದ.

ಅವನಿಗೆ ಕಣ್ಣು ಹೋಗಿ ಒಂದು ವರ್ಷವಾಗುತ್ತ ಬಂದಿತ್ತು. ಒಳಗಿನ ಒತ್ತಡ ಏರಿ ಏರಿ ನರ ಸತ್ತಿತು ಎಂದು ಡಾಕ್ಟರು ಹೇಳಿದ್ದರು. ಈಗ ಕಿಟಕಿ ಇರುವ ಕಡೆ ಬೆಳಕು, ಇಲ್ಲದ ಕಡೆ ಕತ್ತಲೆ, ಅಷ್ಟೇ. ಆದರೆ ಕಿವಿ ಮಾತ್ರ ಕಾರ್ಖಾನೆಯ ಕಾಲದ್ದೇ. ಗದಗದ ಕಡೆಯಿಂದ ಬಂದು ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟರ್ ಆಗಿ ದುಡಿದ ಮನುಷ್ಯ. ಯಂತ್ರ ಕೆಟ್ಟರೆ ಬೇರೆಯವರು ಬಿಚ್ಚಲು ಓಡುತ್ತಿದ್ದರು. ಇವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಇರುವ ಜಾಗಕ್ಕೆ ಊರಿ, ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಎಲ್ಲಿ ಸವೆದಿದೆ, ಎಷ್ಟು ದಿನ ನಡೆದೀತು ಎಂದು ಹೇಳುತ್ತಿದ್ದ. ಹೇಳಿದಂತೆಯೇ ಆಗುತ್ತಿತ್ತು. ಕಾರ್ಖಾನೆಯ ಶಾಪಿನವರು ಅವನನ್ನು ಕಾನ್ ಸಾಬ್, ಅಂದರೆ ಕಿವಿ ಸಾಹೇಬ, ಎಂದು ಕರೆಯುತ್ತಿದ್ದರು.

ಆ ಕಾನ್ ಸಾಬ್ ಹನ್ನೊಂದು ತಿಂಗಳಿಂದ ಬಾಲ್ಕನಿಯ ಬೆತ್ತದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಬೆಳಿಗ್ಗೆ ಕೂತರೆ ಊಟಕ್ಕೆ ಏಳುವುದು, ಮಗಳಿಗೆ ಬಾಗಿಲು ತೆರೆಯಲು ಏಳುವುದು, ಮತ್ತೆ ಕೂರುವುದು. ಹೆಂಡತಿ ತೀರಿಕೊಂಡು ಮೂರು ವರ್ಷ. ಶೈಲಾಗೆ ಮದುವೆ ಯಾಕೋ ಆಗಿರಲಿಲ್ಲ. ಆ ಬಗ್ಗೆ ನೆಂಟರಿಗೆ ಇದ್ದ ಚಿಂತೆಯ ಕಾಲು ಭಾಗವೂ ಅವಳಿಗಿರಲಿಲ್ಲ. ಅವಳ ಚಿಂತೆಯೆಲ್ಲ ಆ ಕುರ್ಚಿಯದು. ಅಪ್ಪ ದಿನದಿಂದ ದಿನಕ್ಕೆ ಅದರೊಳಗೆ ಇಳಿಯುತ್ತಿದ್ದಾನೆ, ಒಂದು ದಿನ ಬಂದು ನೋಡಿದರೆ ಬರೀ ಕುರ್ಚಿ ಇರುತ್ತದೆ ಎಂದು ಅವಳಿಗೆ ಹೆದರಿಕೆಯಾಗುತ್ತಿತ್ತು.

ಶೈಲಾಳ ಓಟ ಶುರುವಾದದ್ದು ಬೇರೆಯೇ ಕಾರಣಕ್ಕೆ. ನಲವತ್ತೊಂದನೇ ವಯಸ್ಸಿಗೇ ರಕ್ತದ ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ಡಾಕ್ಟರಮ್ಮ ಮೈ ಬೆವರಿಸು ಅಂದರು. ಶೈಲಾ ಸೇಲಿನಲ್ಲಿ ಗುಲಾಬಿ ಬಣ್ಣದ ಶೂ ತಂದಳು, ಅಕ್ಟೋಬರಿನ ಒಂದು ಬೆಳಿಗ್ಗೆ ಕಾಲನಿಯ ಮೈದಾನಕ್ಕೆ ಇಳಿದಳು, ಒಂದೂವರೆ ಸುತ್ತು ಓಡಿ ಬೇವಿನ ಮರ ತಬ್ಬಿಕೊಂಡು ನಿಂತಳು. ಓಡುವುದು ಇಷ್ಟು ಕಷ್ಟ ಅಂತ ಯಾರೂ ಹೇಳಿರಲಿಲ್ಲ. ಚಿಕ್ಕಂದಿನಲ್ಲಿ ತಾನಾಗಿ ಬರುತ್ತಿದ್ದ ವಿದ್ಯೆ ನಡುವೆ ಎಲ್ಲಿ ಬಿದ್ದುಹೋಯಿತೋ!

ಮೈದಾನದಲ್ಲಿ ತರುಣ ಅಂತ ಒಬ್ಬನಿದ್ದ. ಮೈಸೂರಿನ ಹುಡುಗ, ಸಾಫ್ಟ್‌ವೇರಿನವನು, ಕೈಗೆ ಒಂದು ಗಡಿಯಾರ ಕಟ್ಟಿಕೊಂಡು ಅದು ಹೇಳಿದಂತೆ ಉಸಿರಾಡುವವನು. ಮೊದಲ ವಾರವೇ ಅವಳ ಪಕ್ಕಕ್ಕೆ ಬಂದು, "ಮೇಡಂ, ನಿಮ್ಮ ಹೆಜ್ಜೆ ತುಂಬ ಉದ್ದ ಆಗ್ತಿದೆ. ಕಾಲು ಎಲ್ಲೋ ಮುಂದೆ ಹೋಗಿ ಹಿಮ್ಮಡಿ ಮೇಲೆ ಬೀಳ್ತಿದೆ. ಚಿಕ್ಕ ಚಿಕ್ಕ ಹೆಜ್ಜೆ ಹಾಕಿ, ಜಾಸ್ತಿ ಹಾಕಿ" ಅಂದ. ಶೈಲಾ ತಲೆ ಆಡಿಸಿದಳು. ಚಿಕ್ಕ ಹೆಜ್ಜೆ ಹಾಕಲು ಹೋದರೆ ಭುಜ ಕಿವಿಗೆ ಏರಿತು. ಭುಜ ಇಳಿಸಿದರೆ ಕೈ ಎದೆಯ ಮುಂದೆ ಅಡ್ಡಡ್ಡ ತೂಗಾಡಿತು. ಕೈ ಸರಿಮಾಡಿದರೆ ಉಸಿರೇ ಮರೆತುಹೋಯಿತು. ಹದಿನೈದು ದಿನಕ್ಕೆ ಎಡ ಮೊಣಕಾಲು ನೋಯತೊಡಗಿತು. ಶೂ ಅಟ್ಟಕ್ಕೆ ಹಾಕಿಬಿಡೋಣ ಎಂದುಕೊಂಡಳು.

ಅಷ್ಟರಲ್ಲಿ ಮೇಲಿನ ಮನೆಯವರು ಬಾತ್‌ರೂಮು ಒಡೆಸಲು ಶುರುಮಾಡಿದರು. ಆರು ಗಂಟೆಗೇ ಡ್ರಿಲ್ಲಿಂಗ್. ಕಿವಿಯೇ ಬದುಕಾದವನ ತಲೆಯ ಮೇಲೆ ಅದು. ಎರಡನೇ ದಿನ ಅಪ್ಪ ಕುರ್ಚಿಯಿಂದ ಎದ್ದು ನಿಂತು, "ನನ್ನೂ ಎಲ್ಲೆರ ಕರಕೊಂಡು ಹೋಗು, ಇಲ್ಲಾಂದ್ರ ಮ್ಯಾಲ ಹೋಗಿ ಆ ಡ್ರಿಲ್ ಕಸಗೊಂಡು ಬರ್ತೀನಿ" ಅಂದ. ಹನ್ನೊಂದು ತಿಂಗಳಲ್ಲಿ ಅವನು ಬಾಯಿಬಿಟ್ಟು ಕೇಳಿದ ಮೊದಲ ಸಂಗತಿ ಅದು. ಶೈಲಾ ಅವನ ಕೈ ಹಿಡಿದು ಮೆಟ್ಟಿಲಿಳಿಸಿ, ಮೈದಾನದ ಅಂಚಿನ ಸಿಮೆಂಟ್ ಬೆಂಚಿನ ಮೇಲೆ ಕೂರಿಸಿದಳು. ಸುಮ್ಮನೆ ಪಕ್ಕದಲ್ಲಿ ಕೂರುವುದೇಕೆ ಎಂದು ಮೊಣಕಾಲು ಸವರಿಕೊಂಡು ಒಂದು ಸುತ್ತು ಓಡಿ ಬಂದಳು.

"ನಿಂದ್ರು," ಅಂದ ಅಪ್ಪ. ತಲೆ ಒಂದು ಕಡೆಗೆ ವಾಲಿತ್ತು. "ಎಡಗಾಲು ಎಳದು ಬೀಳಾಕತ್ತೈತಿ. ಬಲಗಾಲು ಧಪ್ ಅಂತೈತಿ, ಎಡಗಾಲು ಧ...ಪ್ಪ್ ಅಂತೈತಿ. ಎಡಗಡೆ ಏನರ ಭಾರ ಹೊತ್ತಿಯೇನು?"

"ಏನೂ ಇಲ್ಲಪಾ."

"ಈಗ ಇಲ್ಲ. ಎಂದರ ಹೊರ್ತಿದ್ದಿಯೇನು?"

ಶೈಲಾ ನಿಂತಲ್ಲೇ ನಿಂತಳು. ಹದಿನೆಂಟು ವರ್ಷದಿಂದ ಲ್ಯಾಪ್‌ಟಾಪು, ಡಬ್ಬಿ, ನೀರಿನ ಬಾಟಲಿ, ಕೊಡೆ ಎಲ್ಲ ತುಂಬಿದ ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡು, ಮೊದಲು ಬಸ್ಸಿನಲ್ಲಿ, ಆಮೇಲೆ ಷೇರ್ ಆಟೋದಲ್ಲಿ, ಈಗ ಕ್ಯಾಬಿನಲ್ಲಿ ಓಡಾಡಿದವಳು. ಚೀಲ ಮನೆಯಲ್ಲಿತ್ತು. ಮೈ ಮಾತ್ರ ಅದನ್ನು ಇನ್ನೂ ಹೊತ್ತುಕೊಂಡೇ ಓಡುತ್ತಿತ್ತು.

ಅವಳು ಹೇಳಿದ್ದನ್ನು ಕೇಳಿ ಅಪ್ಪ ನಕ್ಕ. ಆ ನಗು ಕೇಳಿ ಎಷ್ಟು ದಿನವಾಗಿತ್ತು! ಆ ರಾತ್ರಿ ಅವನು ಎರಡು ರೊಟ್ಟಿ ಹೆಚ್ಚು ತಿಂದ. ಪುಂಡಿಪಲ್ಯ ಇನ್ನೂ ಇದೆಯೇ ಎಂದು ಕೇಳಿ ಹಾಕಿಸಿಕೊಂಡ. ನಾಳೆ ಎಷ್ಟೊತ್ತಿಗೆ ಹೋಗುವುದು ಎಂದು ಎರಡು ಸಲ ಕೇಳಿದ. ಮೇಲಿನ ಬಾತ್‌ರೂಮು ಮುಗಿದು ಟೈಲ್ಸು ಕೂತರೂ ಬೆಳಗಿನ ಆ ಒಂದು ಗಂಟೆ ನಿಲ್ಲಲಿಲ್ಲ. ಐದೂಮುಕ್ಕಾಲಿಗೆ ಮಫ್ಲರ್ ಸುತ್ತಿಕೊಂಡು ಅವನೇ ಬಾಗಿಲ ಬಳಿ ನಿಂತಿರುತ್ತಿದ್ದ, ಡ್ಯೂಟಿಗೆ ಹೊರಟವರ ಹಾಗೆ. ಉಳಿದ ಇಪ್ಪತ್ತಮೂರು ಗಂಟೆ ಕುರ್ಚಿಯೇ ಸರಿ. ಆದರೆ ಆ ಒಂದು ಗಂಟೆ ಅವಳಿಗೆ ತನ್ನ ಹಳೆಯ ಅಪ್ಪ ಸಿಗುತ್ತಿದ್ದ, ಅದಕ್ಕಾಗಿ ಅವಳು ಸಾಯುವವರೆಗೂ ಓಡಲು ಸಿದ್ಧಳಿದ್ದಳು.

ಅಪ್ಪನ ಪಾಠ ಶಾಪಿನ ಪಾಠವೇ. "ಎಲ್ಲಾ ನಟ್ಟು ಒಮ್ಮೆಲೇ ಬಿಗಿಬಾರದು," ಅಂದ ಮೊದಲ ದಿನ. "ಈ ವಾರ ಬರೇ ಕಾಲು. ಕೈ ಎಲ್ಲೆರ ಹೋಗಲಿ, ಬಿಡು." ಕಾಲು ಮೈಯ ಕೆಳಗೇ ಬೀಳಬೇಕು, ಮುಂದೆ ಹೋಗಿ ನೆಲವನ್ನು ಹುಡುಕಬಾರದು. ಎರಡನೇ ವಾರ ಭುಜ. ಮೂರನೇ ವಾರ ಕೈ. ಮುಷ್ಟಿ ಬಿಗಿಯುತ್ತಿದ್ದಾಳೆ ಎಂದು ಅವನಿಗೆ ಅವಳ ಉಸಿರಿನಿಂದಲೇ ಗೊತ್ತಾಗುತ್ತಿತ್ತು. "ಕೈಯಾಗ ಹಪ್ಪಳ ಹಿಡದೀನಿ ಅಂತ ತಿಳಕೋ. ಮುರೀಬಾರದು, ಬೀಳಬಾರದು." ತರುಣ ಇದನ್ನೆಲ್ಲ ದೂರದಿಂದ ಕೇಳಿಸಿಕೊಂಡು, ತಾನು ದುಡ್ಡು ಕೊಟ್ಟು ಕಲಿತದ್ದೂ ಇದೇ ಅಲ್ಲವೇ ಎಂದು ಮುಖ ಸಣ್ಣ ಮಾಡಿಕೊಂಡ.

ಮೊಣಕಾಲಿನ ನೋವು ಯಾವಾಗ ಹೋಯಿತೋ ಅವಳು ಗಮನಿಸಲೇ ಇಲ್ಲ. ನವೆಂಬರ್ ಕಳೆಯುವಷ್ಟರಲ್ಲಿ ಎಂಟು ಸುತ್ತು ಬಂದಿತ್ತು. ಮೈದಾನದ ಮೇಲೆ ಮಂಜು ಇಳಿಯುತ್ತಿತ್ತು. ಮೊದಲ ಎರಡು ಸುತ್ತು ಮೈ ಗೊಣಗುತ್ತಿತ್ತು. ಮೂರನೆಯದರಲ್ಲಿ ಎಲ್ಲೋ ಒಂದು ಕಡೆ ಅದು ಸುಮ್ಮನಾಗುತ್ತಿತ್ತು. ಆಮೇಲೆ ಓಡುತ್ತಿರುವುದು ತಾನೋ ಮೈದಾನವೋ ಎಂದು ತಿಳಿಯದಂತಾಗುತ್ತಿತ್ತು. ಬೇವಿನ ಮರ ತಾನಾಗಿ ಹತ್ತಿರ ಬಂದು ತಾನಾಗಿ ಹಿಂದೆ ಸರಿಯುತ್ತಿತ್ತು. ಲಿಂಗಂಪಲ್ಲಿಯಿಂದ ಹೊರಟ ಮೊದಲ ಲೋಕಲ್ ರೈಲಿನ ಸದ್ದು, ಮಸೀದಿಯ ಮೈಕು, ಎಲ್ಲೋ ಯಾರದೋ ಕುಕ್ಕರಿನ ಸೀಟಿ, ಎಲ್ಲವೂ ಮಂಜಿನಲ್ಲಿ ನೆನೆದು ಮೆತ್ತಗಾಗಿ ಬಂದು ಮುಟ್ಟುತ್ತಿದ್ದವು. ಅಪ್ಪ ದಿನವಿಡೀ ಇರುವ ಲೋಕ ಇದೇ ಇರಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು. ಕೆಲವೊಮ್ಮೆ ಹತ್ತು ಹೆಜ್ಜೆ ಕಣ್ಣು ಮುಚ್ಚಿಕೊಂಡು ಓಡಿ ನೋಡುತ್ತಿದ್ದಳು. ಹನ್ನೊಂದನೆಯದಕ್ಕೆ ಧೈರ್ಯ ಸಾಲುತ್ತಿರಲಿಲ್ಲ.

ಒಂದು ರಾತ್ರಿ ಕನಸೂ ಬಿತ್ತು. ಮಂಜಿನ ಮೇಲೆಯೇ ಓಡುತ್ತಿದ್ದಳು, ಪಾದಗಳೇ ಇರಲಿಲ್ಲ. ಕೆಳಗೆ ಅಪ್ಪ ತನ್ನ ಉದ್ದನೆಯ ಸ್ಕ್ರೂಡ್ರೈವರನ್ನು ನೆಲಕ್ಕೆ ಊರಿ ಕಿವಿಗೊಟ್ಟು ನಿಂತಿದ್ದ. ಅವಳು ಕೂಗಿದರೂ ಅವನು ತಲೆ ಎತ್ತಲಿಲ್ಲ. ಎದ್ದಾಗ ಕೆನ್ನೆ ಒದ್ದೆಯಾಗಿತ್ತು, ಯಾಕೆಂದು ತಿಳಿಯಲಿಲ್ಲ.

ಡಿಸೆಂಬರಿನ ಮೊದಲ ವಾರ ಆಫೀಸಿನಿಂದ ಬಂದವಳು ಮೂರನೇ ಅಂತಸ್ತಿನವರೆಗೂ ಹತ್ತಿ, ಮುಚ್ಚಿದ ಬಾಗಿಲ ಮುಂದೆ ನಿಂತಳು. ಆ ಮನೆಗೆ ಬಂದ ಹನ್ನೆರಡು ವರ್ಷದಲ್ಲಿ ಮೊದಲ ಸಲ ಬೆಲ್ ಒತ್ತಿದಳು. ಒಳಗಿಂದ ಅಪ್ಪ, "ಯಾರ್ರೀ?" ಅಂದ.

"ನಾನಪಾ."

ಬಾಗಿಲು ತೆರೆದವನ ಮುಖ ಒಂದು ಕ್ಷಣ ಬೆಪ್ಪಾಯಿತು. "ಕಣ್ಣು ಹತ್ತಿತ್ತು," ಅಂದ. ಕುರ್ಚಿಯ ಪಕ್ಕದ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಅವನು ನಿದ್ದೆ ಮಾಡಿದವನ ಹಾಗೆ ಕಾಣಲಿಲ್ಲ. ಶೈಲಾ ಅದನ್ನು ಅಲ್ಲಿಗೇ ಬಿಟ್ಟಳು. ದಣಿದು ಬಂದವರು ಎಷ್ಟೋ ವಿಷಯ ಅಲ್ಲಿಗೇ ಬಿಡುತ್ತಾರೆ.

ಬಿಡಲಾಗದಂಥ ದಿನ ಮುಂದಿನ ವಾರ ಬಂತು. ಅವತ್ತು ಮಂಜು ಎಷ್ಟಿತ್ತೆಂದರೆ ಬೆಂಚಿನಲ್ಲಿ ಕೂತ ಅಪ್ಪ ಅರ್ಧ ಸುತ್ತಿನ ಆಚೆಯಿಂದ ಬರೀ ಮಫ್ಲರಿನ ಕೆಂಪಾಗಿ ಕಾಣುತ್ತಿದ್ದ. ನಾಲ್ಕನೇ ಸುತ್ತಿನಲ್ಲಿ ಮೈದಾನದ ಆ ತುದಿಗೆ, ಕಾಂಪೌಂಡಿನ ಮುರಿದ ಗೋಡೆಯ ಬಳಿಗೆ ಬಂದಾಗ, ದಾರಿಯ ನಡುವೆ ಒಂದು ನವಿಲು ನಿಂತಿತ್ತು. ಹತ್ತಿರದ ಯೂನಿವರ್ಸಿಟಿಯ ಕಾಡಿನಿಂದ ದಾರಿ ತಪ್ಪಿ ಬಂದಿರಬೇಕು. ಅವಳು ಗಕ್ಕನೆ ನಿಂತಳು. ಅದು ಓಡಲಿಲ್ಲ. ಒದ್ದೆ ಬಾಲವನ್ನು ಮಣ್ಣಿನ ಮೇಲೆ ಎಳೆಯುತ್ತ, ಒಂದೊಂದೇ ಕಾಲೆತ್ತಿ, ಇಡಲೋ ಬೇಡವೋ ಎಂದು ಯೋಚಿಸಿ ಇಡುತ್ತ ನಡೆಯಿತು. ಇಟ್ಟ ಕಾಲಿಗೆ ಸಪ್ಪಳವೇ ಇಲ್ಲ. ಆ ನೀಲಿ ಕುತ್ತಿಗೆಯನ್ನು ನೋಡುತ್ತ ಅವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅದು ಗೋಡೆ ಹಾರಿ ಮಂಜಿನಲ್ಲಿ ಕರಗಿದ ಮೇಲೆ, ಎರಡು ಸುತ್ತಿನ ಹೊತ್ತು ಇಲ್ಲೇ ನಿಂತಿದ್ದೆನಲ್ಲ ಎಂದು ನಾಚಿಕೊಂಡು ಆ ಸುತ್ತನ್ನೂ ಅದರ ಮೇಲೆ ಇನ್ನೆರಡನ್ನೂ ಮುಗಿಸಿದಳು.

ಬೆಂಚಿನ ಬಳಿ ಬಂದು ನವಿಲಿನ ಸುದ್ದಿ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ತೊಡೆ ತಟ್ಟಿ, "ಶಾಬಾಸ್! ಎಂಟೂ ಸುತ್ತು ಏಕದಂ ಕ್ಲೀನ್! ನಡುವ ಒಂದು ಹೆಜ್ಜಿ ಸೈತ ತಪ್ಪಲಿಲ್ಲ" ಅಂದ.

ಅವಳು ಓಡಿದ್ದು ಆರು.

ಅವನ ಪಕ್ಕ ಕೂತು ಶೂ ಲೇಸು ಬಿಚ್ಚಿದಳು, ಮತ್ತೆ ಕಟ್ಟಿದಳು. ಕೇಳಿಸುತ್ತಿಲ್ಲ. ಅಪ್ಪನಿಗೆ ತಾನು ಓಡುವುದು ಕೇಳಿಸುತ್ತಲೇ ಇಲ್ಲ, ಹೊತ್ತಿನ ಅಂದಾಜಿನಲ್ಲೇ ಸುತ್ತು ಎಣಿಸುತ್ತಿದ್ದಾನೆ. ಎಷ್ಟು ದಿನದಿಂದಲೋ! ಚಲೋ ಐತಿ, ಭಾಳ ಚಲೋ ಐತಿ ಎನ್ನುತ್ತ ಮಂಜಿನಲ್ಲಿ ಒಬ್ಬನೇ ಕೂತಿದ್ದಾನೆ. ಮುಚ್ಚಿದ ಬಾಗಿಲು ಕಣ್ಣ ಮುಂದೆ ಬಂತು, "ಯಾರ್ರೀ?" ಎಂದ ದನಿ ಬಂತು. ಅವನು ಕಲಿಸಿದ್ದನ್ನು ಅವಳು ಪೂರಾ ಕಲಿತಿದ್ದಳು, ಕಲಿತದ್ದರಿಂದಲೇ ಅವನ ಕಿವಿಯಿಂದ ಆಚೆ ಹೋಗಿದ್ದಳು. ಅಪ್ಪ ಎರಡನೇ ಸಲ ರಿಟೈರ್ ಆಗಿದ್ದ, ಈ ಸಲ ಅವನನ್ನು ಮನೆಗೆ ಕಳಿಸಿದ್ದು ತಾನೇ. ಇನ್ನು ಎಷ್ಟು ದಿನ ಸುಳ್ಳು ಹೇಳಿಯಾನು? ಒಂದು ಬೆಳಿಗ್ಗೆ ಚಳಿ ಅನ್ನುತ್ತಾನೆ, ಇನ್ನೊಂದು ಬೆಳಿಗ್ಗೆ ಸೊಂಟ ಅನ್ನುತ್ತಾನೆ, ಆಮೇಲೆ ಆ ಒಂದು ಗಂಟೆಯೂ ಕುರ್ಚಿಗೆ ಸೇರುತ್ತದೆ.

ಮಾರನೇ ದಿನದಿಂದ ಅವಳು ಕೆಟ್ಟದಾಗಿ ಓಡತೊಡಗಿದಳು.

ಪೂರಾ ಅಲ್ಲ. ಬೆಂಚಿಗೆ ಇಪ್ಪತ್ತು ಹೆಜ್ಜೆ ಇದೆ ಅನ್ನುವಾಗ ಕಾಲನ್ನು ಮುಂದೆ ಚಾಚಿ ಹಿಮ್ಮಡಿ ಅಪ್ಪಳಿಸುವುದು, ಎಡಗಾಲನ್ನು ತುಸು ಎಳೆಯುವುದು, ಬೆಂಚು ದಾಟಿ ಇಪ್ಪತ್ತು ಹೆಜ್ಜೆಯವರೆಗೆ ಹಾಗೇ ಕುಟ್ಟುವುದು, ಆಮೇಲೆ ತನ್ನ ಓಟ ತನಗೆ. ಮೊದಲ ಸುತ್ತಿನಲ್ಲೇ ಅಪ್ಪನ ಬೆನ್ನು ನೆಟ್ಟಗಾಯಿತು. "ಎಡಗಾಲು!" ಎಂದು ಕೂಗಿದ. ಆ ಕೂಗಿನಲ್ಲಿ ಬೈಗುಳವಿತ್ತು, ಅದರ ಹಿಂದೆ ಖುಷಿಯಿತ್ತು. "ಎಡಗಾಲು ನೋಡು! ಮತ್ತ ಹಳೇ ರೋಗ ಬಂತು!" ಶೈಲಾ ಮುಖ ತಿರುಗಿಸಿ ನಗುತ್ತ ಓಡಿದಳು. ಹಾಗೆ ಬೈಸಿಕೊಳ್ಳುವುದು ಎಷ್ಟು ಸುಖವಾಗಿತ್ತು!

ಆರು ದಿನ ಹೀಗೇ ನಡೆಯಿತು. ಅಪ್ಪ ಮತ್ತೆ ಪಾಠ ಶುರುಮಾಡಿದ, ಮನೆಗೆ ಬರುವ ದಾರಿಯುದ್ದಕ್ಕೂ ಎಡಗಾಲಿನದೇ ಮಾತು. ಅವಳು ಮೆಟ್ಟಿಲನ್ನೂ ಕುಟ್ಟಿಕೊಂಡೇ ಹತ್ತಿದಳು, ಬಾಗಿಲು ತಾನಾಗಿ ತೆರೆಯಿತು. ಎಲ್ಲ ಸರಿಹೋದಂತಿತ್ತು, ಮೊಣಕಾಲು ಒಂದು ಬಿಟ್ಟು. ದಿನಕ್ಕೆ ಎಂಟು ಸಲ ಬೇಕೆಂದೇ ಅಪ್ಪಳಿಸಿಕೊಂಡ ಮೊಣಕಾಲು ಐದನೇ ದಿನ ಊದಿಕೊಂಡಿತು. ಆಫೀಸಿನಲ್ಲಿ ಮೇಜಿನ ಕೆಳಗೆ ಐಸ್ ಇಟ್ಟುಕೊಂಡು ಕೂತಳು.

ಆರನೇ ದಿನ ತರುಣ ಪಕ್ಕಕ್ಕೆ ಬಂದ. "ಮೇಡಂ, ಬೇಜಾರು ಮಾಡ್ಕೋಬೇಡಿ. ಬೇರೆ ಕಡೆಯೆಲ್ಲ ಅಷ್ಟು ಚೆನ್ನಾಗಿ ಓಡ್ತೀರ. ಬೆಂಚ್ ಹತ್ರ ಬಂದ ತಕ್ಷಣ ನಿಮಗೇನಾಗುತ್ತೆ?"

"ನಿಮ್ಮ ಗಡಿಯಾರ ನೋಡಿಕೊಳ್ರಿ," ಅಂದಳು ಶೈಲಾ. ಪಾಪದ ಹುಡುಗ ಬಾಲ ಮುದುರಿಕೊಂಡು ಹೋದ.

ಏಳನೇ ದಿನ ಮೂರು ಸುತ್ತಿಗೇ ಕಾಲು ಕೈಕೊಟ್ಟಿತು. ಕುಂಟುತ್ತ ಬಂದು ಬೆಂಚಿನಲ್ಲಿ ಕೂತಳು. ಅಪ್ಪ ಕೈ ಚಾಚಿ ಅವಳ ಎಡ ಮೊಣಕಾಲನ್ನು ಹುಡುಕಿ, ಅಂಗೈಯನ್ನು ಅದರ ಮೇಲೆ ಇಟ್ಟ, ಮೋಟರಿನ ಮೇಲೆ ಇಡುವ ಹಾಗೆ, ಭಾರ ಹಾಕದೆ.

"ಬಿಸಿ ಆಗೇತಿ," ಅಂದ.

"ಸ್ವಲ್ಪ ನೋಯ್ತೈತಿ."

"ನೋಯದ ಏನ್ ಮಾಡೀತು. ಶೈಲಾ, ಒಂದು ಮಾತು ಹೇಳ್ತೀನಿ ಕೇಳು. ಕೆಟ್ಟ ಬೇರಿಂಗ್ ಐತಲ್ಲ, ಅದು ಎಲ್ಲಾ ಸುತ್ತಿನಾಗೂ ಸಪ್ಪಳ ಮಾಡ್ತೈತಿ. ಮ್ಯಾನೇಜರ್ ಎದುರಿಗೆ ಬಂದು ನಿಂತಾಗಷ್ಟ ಸಪ್ಪಳ ಮಾಡಂಗಿಲ್ಲ." ಅವನ ತುಟಿ ಸೊಟ್ಟಗಾಗಿತ್ತು. "ಇಪ್ಪತ್ತು ಹೆಜ್ಜಿ ಈ ಕಡೆ, ಇಪ್ಪತ್ತು ಹೆಜ್ಜಿ ಆ ಕಡೆ. ನಾನು ಕುರುಡ ಅದೀನಿ, ಕಿವುಡ ಅಲ್ಲ."

ಶೈಲಾಳ ಕಿವಿ ಬೆಚ್ಚಗಾಯಿತು. ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಅವಳು ತಲೆ ತಗ್ಗಿಸಿದಳು. "ಯಾವಾಗ ಗೊತ್ತಾತು?"

"ಎರಡನೇ ದಿನ."

"ಮತ್ಯಾಕ ಸುಮ್ಮನಿದ್ದಿ?"

ಅಪ್ಪ ಮಫ್ಲರನ್ನು ಸರಿಮಾಡಿಕೊಂಡ. ಆಮೇಲೆ, "ಕೇಳಾಕ ಚಲೋ ಅನಸ್ತು," ಅಂದ. "ನೀ ಬರೋದು ಗೊತ್ತಾಗ್ತಿತ್ತು. ನಿನ್ನ ಕಾಲಿಗೆ ಹಿಂಗಾಗ್ತೈತಿ ಅಂತ ಮೊದಲನ ಹೇಳಬೇಕಿತ್ತು. ತಪ್ಪು ನಂದು."

"ನಿಂದೇನು ತಪ್ಪು? ಕೇಳಸಂಗಿಲ್ಲ ಅಂತ ನೀ ಒಮ್ಮೆರ ಹೇಳಿದ್ಯೇನು? ದಿನಾ ಚಲೋ ಐತಿ, ಚಲೋ ಐತಿ ಅಂತಿದ್ದಿ. ಸುಳ್ಳ ಯಾಕ ಹೇಳ್ತಿದ್ದಿ?" ಅವಳ ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

"ಸುಳ್ಳೆಲ್ಲಿ? ಮೂವತ್ನಾಕು ವರ್ಷ ನಾ ಮಾಡಿದ್ದು ಅದ ಕೆಲಸ. ಸಪ್ಪಳ ಮಾಡೋ ಮಷೀನು ಸುಮ್ಮನಾಗೋ ಹಂಗ ಮಾಡೂದು. ಕೇಳಸಲಿಲ್ಲ ಅಂದ್ರ ಚಲೋ ಐತಿ ಅಂತನ ಅರ್ಥ. ನೀ ಕೇಳಸದ ದಿನ ಎಷ್ಟು ಖುಷಿ ಆತು ಗೊತ್ತೈತೇನು ನಿನಗ? ಮನಿಗೆ ಹೋಗಿ ನಿಮ್ಮವ್ವನ ಫೋಟೋದ ಮುಂದ ನಿಂತು ಹೇಳೀನಿ."

ಶೈಲಾ ಮುಂಗೈಯಿಂದ ಮೂಗು ಒರೆಸಿಕೊಂಡಳು. ಹೇಳಬಾರದು ಅಂದುಕೊಂಡಿದ್ದ ಮಾತು ಹೊರಗೆ ಬಂದುಬಿಟ್ಟಿತು. "ಅವತ್ತು ಎಂಟೂ ಸುತ್ತು ಕ್ಲೀನ್ ಅಂದಿ. ನಾ ಓಡಿದ್ದು ಆರ ಸುತ್ತು, ಅಪ್ಪಾ."

ಅಪ್ಪ ಮೊಣಕಾಲಿನ ಮೇಲಿದ್ದ ಕೈ ತೆಗೆದು ಅವಳ ಕಡೆಗೆ ತಿರುಗಿದ.

"ಎರಡು ಸುತ್ತು ಎಲ್ಲಿದ್ದಿ?"

"ಆ ತುದಿಗೆ. ಒಂದು ನವಿಲು ಬಂದಿತ್ತು. ನೋಡ್ಕೋತ ನಿಂತಿದ್ದೆ."

"ನಿಂತಿದ್ದಿ," ಅಂದ ಅಪ್ಪ. ಇನ್ನೊಮ್ಮೆ ಅಂದ, "ನಿಂತಿದ್ದಿ. ಬಿದ್ದಿರಲಿಲ್ಲ." "ನೋಡು, ಇದ ಒಂದ ನನಗ ಹೆದರಿಕಿ ಇದ್ದದ್ದು. ಅಲ್ಲಿ ಕಾಲು ತಿರುವಿ ಬಿದ್ದಿದ್ರೂ ನಾ ಇಲ್ಲಿ ಕುಂತು ಶಾಬಾಸ್ ಅಂತಿದ್ದೆ. ಚಲೋ ಓಡಾಕತ್ತೈತೋ, ನಿಂತು ಹೋಗೇತೋ, ಕಿವಿಗೆ ಎರಡೂ ಒಂದ."

ಈ ಮಾತು ಅವಳಿಗೆ ಹೊಳೆದೇ ಇರಲಿಲ್ಲ. ಅವನ ಕೆಲಸ ಹೋಯಿತು ಎಂದು ಅವಳು ನೊಂದಿದ್ದಳು. ಅವನು ಪ್ರತಿದಿನ ಎಂಟು ಸುತ್ತು, ಕತ್ತಲಲ್ಲಿ, ಮಗಳು ಇದ್ದಾಳೋ ಇಲ್ಲವೋ ಎಂದು ತಿಳಿಯದೆ ಕೂತಿದ್ದ, ಕೂತು ಹೊಗಳಿದ್ದ. ಶೈಲಾ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ವಾಕಿಂಗಿನವರು ನೋಡಿದರೆ ನೋಡಲಿ ಎಂದು ಜೋರಾಗಿಯೇ ಅತ್ತಳು.

"ನಾಳಿಂದ ನಾ ಓಡಂಗಿಲ್ಲ. ಇಬ್ಬರೂ ಕೈ ಹಿಡಕೊಂಡು ವಾಕಿಂಗ್ ಮಾಡೂಣು," ಅಂದಳು.

"ಹುಚ್ಚಿ. ಅಷ್ಟು ಚಲೋ ಕೂಡಿಸಿದ ಮಷೀನು ಯಾರರ ಬಂದ್ ಮಾಡ್ತಾರೇನು?" ಅಪ್ಪ ಮಫ್ಲರಿನ ತುದಿಯಿಂದ ಅವಳ ಮುಖ ಒರೆಸಲು ಹೋಗಿ ಕಿವಿ ಒರೆಸಿದ. "ಶಾಪಿನಾಗ ಸುಮ್ಮನಾದ ಮಷೀನಿಗೆ ಏನ್ ಮಾಡ್ತಿದ್ವಿ ಹೇಳ್ಲೇನು? ಓಡಾಡ್ಕೋತ ಹೋಗುವಾಗ ಒಂದು ಕೈ ಇಟ್ಟು ನೋಡ್ತಿದ್ವಿ. ಅಷ್ಟ. ಮೊದಲು ಈ ಮೊಣಕಾಲು ಇಳೀಲಿ."

ಇಳಿಯಲು ಹನ್ನೆರಡು ದಿನ ಬೇಕಾಯಿತು. ಆ ಹನ್ನೆರಡು ದಿನವೂ ಅಪ್ಪ ಐದೂಮುಕ್ಕಾಲಿಗೆ ಎದ್ದು, ಕುರ್ಚಿಗೆ ಹೋಗದೆ, ಅವಳ ಮೊಣಕಾಲಿಗೆ ಕೊಬ್ಬರಿ ಎಣ್ಣೆ ಬಿಸಿಮಾಡಿಸಿ ತಿಕ್ಕಿದ.

ಹೊಸ ವರ್ಷದ ಮೊದಲ ವಾರದ ಒಂದು ಬೆಳಿಗ್ಗೆ ಇಬ್ಬರೂ ಮತ್ತೆ ಮೈದಾನಕ್ಕೆ ಬಂದರು. ಅಪ್ಪ ಬೆಂಚಿನ ಅಂಚಿಗೆ ಸರಿದು ಕೂತ. ಬಲಗೈಯನ್ನು ಓಡುವ ದಾರಿಯ ಮೇಲಕ್ಕೆ ಚಾಚಿ, ಅಂಗೈ ಬಿಡಿಸಿದ. "ಹೋಗು," ಅಂದ. "ಸಪ್ಪಳ ಮಾಡಿದಿ ಅಂದ್ರ ನೋಡು."

ಅವಳು ಹೊರಟಳು. ಹನ್ನೆರಡು ದಿನ ಸುಮ್ಮನಿದ್ದ ಮೈ ಸ್ವಲ್ಪ ಗೊಣಗಿತು, ಆಮೇಲೆ ಒಪ್ಪಿಕೊಂಡಿತು. ಕಾಲುಗಳು ಮೈಯ ಕೆಳಗೇ ಬಿದ್ದು ಎದ್ದವು. ಮಂಜು ಎರಡು ಕಡೆಗೂ ಸರಿದು ದಾರಿ ಬಿಟ್ಟಿತು. ಆಚೆ ತಿರುವಿನಲ್ಲಿ ತಿರುಗಿ ನೋಡಿದರೆ, ದೂರದಲ್ಲಿ ಆ ಕೈ ಹಾಗೇ ಚಾಚಿಕೊಂಡಿತ್ತು. ಎದುರಿಗೆ ಮೂರನೇ ಬ್ಲಾಕಿನ ಕಮಲಾಕ್ಷಿ, ಉಡುಪಿಯ ಕಡೆಯ ದೊಡ್ಡ ಮೈಯ ಹೆಂಗಸು, ದಡಬಡ ಓಡುತ್ತಿದ್ದವರು, ಬೆಂಚು ದಾಟುವಾಗ ತಮಾಷೆಗೆಂದು ಆ ಅಂಗೈಗೆ ಫಟ್ಟನೆ ಒಂದು ಕೊಟ್ಟರು.

"ನೀವಲ್ರೀ ಕಮಲಾಕ್ಷಿಯವರ," ಅನ್ನುವುದು ಮಂಜಿನೊಳಗಿಂದ ಕೇಳಿತು. "ನೀವು ಗೇಟಿನ ಹತ್ರ ಇದ್ದಾಗನ ಗೊತ್ತಾಗೇತಿ."

ಶೈಲಾಗೆ ನಗು ಬಂತು. ನಗುತ್ತಲೇ ಬೇವಿನ ಮರ ದಾಟಿದಳು. ಕೈ ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಎಪ್ಪತ್ತು ವರ್ಷದ ತೋಳು, ಮೂರು ನಿಮಿಷದಿಂದ ಗಾಳಿಯಲ್ಲಿ. ಮೊಣಕೈ ಬಾಗತೊಡಗಿದಾಗಲೆಲ್ಲ ಅವನು ಅದನ್ನು ಮತ್ತೆ ನೆಟ್ಟಗೆ ಮಾಡುತ್ತಿದ್ದ. ಓಡಿಬಿಡಬೇಕು ಅನ್ನಿಸಿತು, ಉದ್ದನೆಯ ಹೆಜ್ಜೆ ಹಾಕಿ ಬಾಚಿಕೊಳ್ಳಬೇಕು ಅನ್ನಿಸಿತು. ಅವಳು ಭುಜ ಇಳಿಸಿದಳು, ಹೆಜ್ಜೆ ಚಿಕ್ಕದಾಗಿಯೇ ಇಟ್ಟಳು, ಸಪ್ಪಳ ಮಾಡದೆ ಬಂದು ತನ್ನ ಅಂಗೈಯನ್ನು ಅವನ ಅಂಗೈಗೆ ತಾಗಿಸಿದಳು.

ಅಪ್ಪ ಬೆಚ್ಚಿಬಿದ್ದ. ಅವಳು ಬಂದದ್ದು ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಮರುಕ್ಷಣ ಅವನ ಮುಖವೆಲ್ಲ ಅರಳಿತು.

"ಒಂದು," ಅಂದ.

ಅವಳು ದಾಟಿ ಹೋದಳು. ನಾಲ್ಕು ಹೆಜ್ಜೆ ಹೋಗಿ, "ಕೈ ನೋಯ್ತೈತಿ, ಇಳಸಪಾ! ಬಂದಾಗ ಕರೀತೀನಿ!" ಎಂದು ಕೂಗಿದಳು.

"ನೀ ಓಡು!" ಅಂದ ಅಪ್ಪ. ಅವಳು ಆಚೆ ತುದಿಗೆ ಹೋಗಿ ಬರುವವರೆಗೂ ಆ ಕೈ ಇಳಿಯಲಿಲ್ಲ.